ಜಪಾನಿನ ವಿಶ್ವವಿದ್ಯಾಲಯಕ್ಕೆ ಹೊರಟ ಕಾಸರಗೋಡಿನವರಿಗೆ: ಅಲ್ಲಿಯವರ ಜೊತೆ ಬೆರೆಯುವುದು ಹೇಗೆ, ನಮ್ಮೂರನ್ನು ತೋರಿಸುವುದು ಹೇಗೆ

ಬದಿಯಡ್ಕ, ಪೆರ್ಲ, ಮಂಜೇಶ್ವರ, ಮುಳ್ಳೇರಿಯ ಕಡೆಯಿಂದ ಜಪಾನಿಗೆ ಓದಲು ಹೋಗುವ ಮಕ್ಕಳು ಹೆಚ್ಚಾಗಿ ಕೇಳುವುದು ವೀಸಾ, ಸ್ಕಾಲರ್‌ಶಿಪ್, ರೂಮಿನ ಬಾಡಿಗೆ, ಇಷ್ಟೇ. ಅದೆಲ್ಲ ಬೇಕಾದ್ದೇ. ಆದರೆ ಅಲ್ಲಿ ಹೋಗಿ ತಿಂಗಳುಗಟ್ಟಲೆ ಆದರೂ ಲ್ಯಾಬ್, ರೂಮು, ಸೂಪರ್ ಮಾರ್ಕೆಟ್ ಬಿಟ್ಟು ಬೇರೇನೂ ನೋಡದೆ, ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಜಪಾನಿ ಸ್ನೇಹಿತನೂ ಇಲ್ಲದೆ ಉಳಿದುಬಿಡುವವರು ಬಹಳ ಮಂದಿ ಇದ್ದಾರೆ. ವಿಶ್ವವಿದ್ಯಾಲಯದವರು ಅವಕಾಶ ಕೊಡುವುದಿಲ್ಲ ಅಂತಲ್ಲ. ಬೇಕಾದಷ್ಟು ಕೊಡುತ್ತಾರೆ. ಯಾವುದನ್ನು ಹಿಡಿಯಬೇಕು, ಹೇಗೆ ಹಿಡಿಯಬೇಕು ಅಂತ ಹೇಳಿಕೊಡುವವರು ಇರುವುದಿಲ್ಲ, ಅಷ್ಟೇ.

ನಾನು ಮುಖ್ಯವಾಗಿ ಎರಡು ಮಾತು ಹೇಳುತ್ತೇನೆ. ಹತ್ತು ಕಾರ್ಯಕ್ರಮಕ್ಕೆ ಒಂದೊಂದು ಸಲ ಹೋಗುವ ಬದಲು ಒಂದು ಗುಂಪನ್ನು ಹಿಡಿದು ಇಡೀ ವರ್ಷ ಅದರಲ್ಲೇ ಇರಿ. ಮತ್ತೆ, "ಇಂಡಿಯಾದ ಸಂಸ್ಕೃತಿ ತೋರಿಸಿ" ಅಂತ ಅವರು ಕೇಳಿದಾಗ ಇಡೀ ಇಂಡಿಯಾವನ್ನು ಹೊರಲು ಹೋಗಬೇಡಿ, ನಿಮ್ಮ ಊರನ್ನು ತೋರಿಸಿ. ಸಿನಿಮಾ ಹಾಡಿನ ಡ್ಯಾನ್ಸ್, ಮೆಹಂದಿ, ಕರಿ, ಯೋಗ ಇವನ್ನೆಲ್ಲ ಅವರು ಮೊದಲೇ ನೋಡಿರುತ್ತಾರೆ. ಗುಡ್ಡಕ್ಕೆ ಕೊರೆದ ಸುರಂಗದಿಂದ ತೋಟಕ್ಕೆ ನೀರು ಬರುವುದನ್ನು, ತಾಳಮದ್ದಳೆಯಲ್ಲಿ ಇಬ್ಬರು ಕೂತಲ್ಲೇ ಕುರುಕ್ಷೇತ್ರ ಮಾಡುವುದನ್ನು ಅವರು ನೋಡಿರುವುದಿಲ್ಲ.

ಈ ಕೆಲಸಕ್ಕೆ ನಮ್ಮ ಕಡೆಯವರಿಗೆ ಒಳ್ಳೆ ತಯಾರಿ ಇದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಪಂಚಾಯತಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ ಅಥವಾ ಮರಾಠಿ. ಎದುರಿನವರ ಮುಖ ನೋಡಿ ಭಾಷೆ ಬದಲಾಯಿಸುವುದು, ಅರ್ಥವಾಗದಿದ್ದಾಗ ಕೈಸನ್ನೆ ಮಾಡಿ ನಗುವುದು, ಅವರ ಮನೆಯ ಹಬ್ಬಕ್ಕೆ ಹೋಗಿ ಅವರ ಕ್ರಮದಲ್ಲೇ ಊಟಕ್ಕೆ ಕೂರುವುದು, ಇದೆಲ್ಲ ಸಣ್ಣಂದಿನಿಂದ ಮಾಡಿದ್ದೇವೆ, ಅಲ್ವಾ. ಅಲ್ಲಿ ಬೇಕಾದ್ದೂ ಇದೇ.

ಹೊರಡುವ ಮೊದಲು

ಹಿರಾಗಾನ, ಕತಾಕಾನ ಎರಡೂ ಲಿಪಿಗಳನ್ನು ಊರಲ್ಲೇ ಕಲಿತು ಹೋಗಿ. ಒಂದೊಂದರಲ್ಲಿ 46 ಮೂಲ ಅಕ್ಷರ. ಇಂಗ್ಲಿಷಿನ ಮೂಲಕ ಕಲಿಯಬೇಡಿ, ಕನ್ನಡದ ಮೂಲಕವೇ ಕಲಿಯಿರಿ. ಅವರ ಅಕ್ಷರಮಾಲೆಯ ಸಾಲು ಅ, ಇ, ಉ, ಎ, ಒ ಅಂತ ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಅಂತ ಹೋಗುತ್ತದೆ. ನಮ್ಮ ಕಾಗುಣಿತದ ಹಾಗೆ ಕ, ಕಿ, ಕು, ಕೆ, ಕೊ. ಇದು ಕಾಕತಾಳೀಯ ಅಲ್ಲ. ಬೌದ್ಧ ಮಂತ್ರಗಳನ್ನು ಓದಲು ಜಪಾನಿನ ಭಿಕ್ಷುಗಳು ಸಿದ್ಧಂ ಲಿಪಿ ಮತ್ತು ಸಂಸ್ಕೃತದ ವರ್ಣಮಾಲೆ ಕಲಿತರು, ಆ ಕ್ರಮದ ಪ್ರಭಾವ ಅವರ ಅಕ್ಷರಮಾಲೆಯ ಮೇಲೆ ಬಿತ್ತು. ಈ ಒಂದು ವಿಷಯ ಅಲ್ಲಿ ನಿಮಗೆ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ಒಂದು ಪರಿಚಯದ ಮಾತು ಬಾಯಿಪಾಠ ಮಾಡಿ. "ಹಾಜಿಮೆಮಾಶಿತೆ. ಇಂದೊ ನೊ ಕಾಸರಗೋಡು ಕರಾ ಕಿಮಾಶಿತಾ." ಅಂದರೆ ಮೊದಲ ಭೇಟಿಯ ನಮಸ್ಕಾರ, ಇಂಡಿಯಾದ ಕಾಸರಗೋಡಿನಿಂದ ಬಂದಿದ್ದೇನೆ ಅಂತ. ಆಮೇಲೆ ಹೆಸರು, ಆಮೇಲೆ "ದೆಸು", ಕೊನೆಗೆ "ಯೊರೊಶಿಕು ಒನೆಗಾಯಿಶಿಮಾಸು" (ನಿಮ್ಮ ಸಹಕಾರ ಇರಲಿ ಅಂತ) ಮತ್ತು ಸ್ವಲ್ಪ ತಲೆ ಬಾಗಿಸುವುದು. ಪ್ರತಿ ಹೊಸ ಗುಂಪಿನಲ್ಲೂ ಇದನ್ನು ಹೇಳಲೇಬೇಕಾಗುತ್ತದೆ. ಇದರ ಜೊತೆ ನಿಮ್ಮದೇ ಒಂದು ವಾಕ್ಯ ಸೇರಿಸಿ: ಮನೆಯಲ್ಲಿ ಅಡಿಕೆ ಬೆಳೆಯುತ್ತೇವೆ, ನನಗೆ ಚೆಂಡೆ ಬಾರಿಸಲು ಬರುತ್ತದೆ, ಹೀಗೆ ಏನಾದರೂ. ಆ ಒಂದು ವಾಕ್ಯದಿಂದಲೇ ಜನ ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ.

ಫೋಟೊ ತೆಗೆದುಕೊಂಡು ಹೋಗಿ. ಬೇಕಲ ಕೋಟೆಯ ಪೋಸ್ಟ್‌ಕಾರ್ಡ್ ಫೋಟೊ ಒಂದು ಸಾಕು. ಉಳಿದದ್ದು ಮನೆಯದ್ದೇ ಇರಲಿ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಹಲಸಿನ ಹಪ್ಪಳ ತಟ್ಟುತ್ತಿರುವ ಅಜ್ಜಿ, ಒಂದೇ ಬೋರ್ಡಿನಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಇರುವ ಬಸ್‌ಸ್ಟ್ಯಾಂಡು, ಕುಳ್ಳ ದನ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿ. ಸುರಂಗದ ಫೋಟೊ ಮರೆಯಬೇಡಿ. ಜಪಾನಿನ ಮಿಯೆ ಪ್ರಾಂತ್ಯದಲ್ಲಿ, ಸುಝುಕಾ ಬೆಟ್ಟದ ತಪ್ಪಲಿನಲ್ಲಿ, "ಮಂಬೊ" ಅನ್ನುವ ಅಡ್ಡ ಸುರಂಗಗಳಿವೆ, ಗದ್ದೆಗೆ ನೀರು ತರಲು ಹಿಂದಿನವರು ತೋಡಿದ್ದು. ಸಿವಿಲ್, ಕೃಷಿ, ಭೂಗೋಳ ವಿಭಾಗದವರ ಹತ್ತಿರ ಈ ಎರಡನ್ನೂ ಪಕ್ಕದಲ್ಲಿಟ್ಟು ಮಾತು ಶುರು ಮಾಡಿ ನೋಡಿ.

ಬಟ್ಟೆಯಲ್ಲಿ ಒಂದು ಜೊತೆ ಸಾಕು: ಮುಂಡು, ಶಾಲು, ಹೆಣ್ಣುಮಕ್ಕಳಾದರೆ ಕಾಸರಗೋಡು ಕೈಮಗ್ಗದ ಹತ್ತಿ ಸೀರೆ. ಇದಕ್ಕೆ ಜಿಐ, ಅಂದರೆ ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಹೇಳಿಕೊಳ್ಳಲು ಒಂದು ವಿಷಯವೂ ಆಯಿತು. ಹಸಿ ಎಲೆ, ಹಣ್ಣು, ತರಕಾರಿ, ಬೀಜ ಇವನ್ನು ಚೀಲಕ್ಕೆ ಹಾಕಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಅವಕ್ಕೆ ಪ್ರವೇಶ ಇಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಪೂಜೆಗೆ ಅಂತ ಅಮ್ಮ ಕಟ್ಟಿಕೊಡುವ ವೀಳ್ಯದೆಲೆ, ತುಳಸಿಯೂ ಇದರಲ್ಲೇ ಬರುತ್ತದೆ.

ಯಾವಾಗ, ಎಲ್ಲಿ ಸೇರುವುದು

ಜಪಾನಿನ ಶೈಕ್ಷಣಿಕ ವರ್ಷ ಏಪ್ರಿಲಿನಲ್ಲಿ ಶುರು. ಆ ತಿಂಗಳು ಕ್ಯಾಂಪಸ್ಸಿನಲ್ಲಿ "ಶಿನ್‌ಕಾನ್" ನಡೆಯುತ್ತದೆ, ಅಂದರೆ ಎಲ್ಲ ಕ್ಲಬ್‌ಗಳೂ ಹೊಸಬರನ್ನು ಸೇರಿಸಿಕೊಳ್ಳುವ ಗೌಜಿ. ದಾರಿಯುದ್ದಕ್ಕೂ ಮೇಜು ಹಾಕಿ, ಚೀಟಿ ಹಂಚಿ, ಕರೆದು ಮಾತಾಡಿಸುತ್ತಾರೆ. ನೀವು ಏಪ್ರಿಲಿನಲ್ಲಿ ಹೋಗುವವರಾದರೆ ಆ ಎರಡು ಮೂರು ವಾರವನ್ನು ಬಿಡಲೇಬೇಡಿ, ಯಾಕೆಂದರೆ ಆಗ ಎಲ್ಲರೂ ಹೊಸಬರು, ಒಬ್ಬರಿಗೊಬ್ಬರು ಅಪರಿಚಿತರು, ಭಾಷೆ ಬಾರದಿದ್ದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗುವವರಿಗೆ ಈ ಸೌಕರ್ಯ ಇಲ್ಲ. ಅವರು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ "ಈ ಕ್ಲಬ್ಬನ್ನು ಒಮ್ಮೆ ನೋಡಬೇಕು" ಅಂತ ಕೇಳಿದರೆ ಸಾಕು, ಪರಿಚಯ ಮಾಡಿಸುತ್ತಾರೆ.

ಅಲ್ಲಿನ ಕ್ಲಬ್ಬುಗಳಲ್ಲಿ ಎರಡು ಬಗೆ. "ಬು" ಅಥವಾ "ಬುಕಾತ್ಸು" ಅಂದರೆ ಗಟ್ಟಿ ಶಿಸ್ತು, ವಾರದಲ್ಲಿ ಹಲವು ದಿನ ಅಭ್ಯಾಸ. "ಸಾಕುರು" ಅಂದರೆ ಸ್ವಲ್ಪ ಸಡಿಲ. ಸ್ನಾತಕೋತ್ತರ, ಪಿಎಚ್‌ಡಿಗೆ ಹೋದವರು ಲ್ಯಾಬಿನ ಕೆಲಸ ನೋಡಿಕೊಂಡು ವಾರಕ್ಕೆ ಒಂದು ದಿನದ್ದನ್ನು ಆರಿಸಿ. ಸೇರಿ ಅರ್ಧಕ್ಕೆ ಬಿಡುವುದಕ್ಕಿಂತ ಸಣ್ಣದಕ್ಕೆ ಸೇರಿ ಕೊನೆಯವರೆಗೆ ಇರುವುದು ಒಳ್ಳೆಯದು. ಕ್ಲಬ್ಬಿನಲ್ಲಿ ಹಿರಿಯರು "ಸೆಂಪೈ". ನಾವು ಊರಲ್ಲಿ ಸೀನಿಯರನ್ನು ಅಣ್ಣ, ಅಕ್ಕ ಅಂತ ಕರೆಯುತ್ತೇವಲ್ಲ, ಆ ಗೌರವವೇ ಅಲ್ಲೂ. ಬರೀ ಹೆಸರು ಹಿಡಿದು ಕರೆಯಬೇಡಿ, ಹೆಸರಿನ ಕೊನೆಗೆ "ಸಾನ್" ಸೇರಿಸಿ.

ಹೊಸದಾಗಿ ಬಂದ ವಿದೇಶಿ ವಿದ್ಯಾರ್ಥಿಗೆ ಸಹಾಯ ಮಾಡಲು ಅನೇಕ ವಿಶ್ವವಿದ್ಯಾಲಯಗಳು ಒಬ್ಬ ಜಪಾನಿ ವಿದ್ಯಾರ್ಥಿಯನ್ನು "ಟ್ಯೂಟರ್" ಆಗಿ ಕೊಡುತ್ತವೆ. 14 ದಿನದ ಒಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಬ್ಯಾಂಕ್ ಖಾತೆ ತೆರೆಯಬೇಕು, ಇದಕ್ಕೆಲ್ಲ ಅವರು ಜೊತೆಗೆ ಬರುತ್ತಾರೆ. ಬಹಳ ಮಂದಿ ಅಷ್ಟಕ್ಕೆ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಕೆಲಸ ಮುಗಿದ ಮೇಲೆ ಒಂದು ದಿನ ರೂಮಿಗೆ ಕರೆದು ದೋಸೆ ಹಾಕಿ ಕೊಡಿ. ಅಲ್ಲಿಂದ ನಿಜವಾದ ಪರಿಚಯ ಶುರು.

ಮಧ್ಯಾಹ್ನ ಊಟದ ಹೊತ್ತಿನ ಭಾಷಾ ಮೇಜುಗಳೂ ಇರುತ್ತವೆ. ಅರ್ಧ ಹೊತ್ತು ಜಪಾನಿ, ಅರ್ಧ ಹೊತ್ತು ಇಂಗ್ಲಿಷ್. ಸುಮ್ನೆ ಹೋಗಿ ಕೂತರೆ "ಯಾವ ಊರು, ಏನು ಓದುತ್ತೀರಿ" ಅಲ್ಲಿಗೇ ಮಾತು ಮುಗಿಯುತ್ತದೆ. ಪ್ರತಿ ಸಲವೂ ಒಂದು ಫೋಟೊವೋ ಒಂದು ವಸ್ತುವೋ ಇಟ್ಟುಕೊಂಡು ಹೋಗಿ. ಅಡಿಕೆ ಹಾಳೆಯ ಮುಟ್ಟಾಳೆ ಒಂದಿದ್ದರೆ ಅರ್ಧ ಗಂಟೆ ಮಾತಿಗೆ ಬರವಿಲ್ಲ.

ಅವರದನ್ನು ಕಲಿಯುವುದು

ಚಹಾದ ಕ್ಲಬ್, ಅಂದರೆ "ಸಾದೊ", ಹೆಚ್ಚಿನ ಕಡೆ ಇದೆ. ವಿದೇಶಿ ವಿದ್ಯಾರ್ಥಿಗಳಿಗೆ ಒಂದು ದಿನದ ಪರಿಚಯವನ್ನೂ ಇಟ್ಟಿರುತ್ತಾರೆ. ಮೊದಲು ಸಿಹಿ ಬರುತ್ತದೆ, ಅದನ್ನು ಪೂರ್ತಿ ತಿಂದು ಮುಗಿಸಬೇಕು, ಚಹಾ ಆಮೇಲೆ. ಬಟ್ಟಲನ್ನು ಬಲಗೈಯಲ್ಲಿ ಎತ್ತಿ ಎಡ ಅಂಗೈ ಮೇಲಿಟ್ಟು, ಎದುರಿನ ಚಂದದ ಭಾಗಕ್ಕೆ ಬಾಯಿ ತಾಗದ ಹಾಗೆ ಸ್ವಲ್ಪ ತಿರುಗಿಸಿ ಕುಡಿಯುತ್ತಾರೆ. ಕೊನೆಯ ಗುಟುಕನ್ನು ಸೊರ್ ಅಂತ ಸದ್ದು ಮಾಡಿ ಎಳೆಯುವುದು ಕ್ರಮ, ಮುಗಿಯಿತು ಅಂತ ಅದರಿಂದ ಗೊತ್ತಾಗುತ್ತದೆ. ಬಾಯಿಟ್ಟ ಜಾಗವನ್ನು ಬೆರಳಿನಿಂದ ಒರೆಸಿ ಬಟ್ಟಲನ್ನು ಮೊದಲಿನ ಹಾಗೆ ತಿರುಗಿಸಿ ಇಡಬೇಕು. ಪಂಥದಿಂದ ಪಂಥಕ್ಕೆ ಸಣ್ಣಪುಟ್ಟ ವ್ಯತ್ಯಾಸ ಇದೆ, ಪಕ್ಕದವರನ್ನು ನೋಡಿ ಮಾಡಿದರೆ ಸಾಕು. ಮೊಣಕಾಲು ಮಡಚಿ ಹಿಮ್ಮಡಿಯ ಮೇಲೆ ಕೂರುವ "ಸೇಝಾ" ಮಾತ್ರ ಕಷ್ಟ. ಚಕ್ಕಳಮಕ್ಕಳ ಕೂತು ಅಭ್ಯಾಸ ಇರುವ ನಮಗೂ ಸ್ವಲ್ಪ ಹೊತ್ತಿನಲ್ಲೇ ಕಾಲು ಜೋಮು ಹಿಡಿಯುತ್ತದೆ. ಕಾಲು ಸಡಿಲ ಮಾಡಬಹುದಾ ಅಂತ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಜೋಮು ಹಿಡಿದ ಕಾಲಿನಲ್ಲಿ ಗಡಬಡಿಸಿ ಏಳಬೇಡಿ, ಬೀಳುತ್ತೀರಿ. ಸಸ್ಯಾಹಾರಿಗಳಿಗೆ ಒಂದು ಸಮಾಧಾನ: ಆ ಸಿಹಿ ಹೆಚ್ಚಾಗಿ ಅಝುಕಿ ಅನ್ನುವ ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಸೇರಿಸಿದ ಹೂರಣದ್ದು.

ಬರವಣಿಗೆಯ ಕ್ಲಬ್, "ಶೊದೊ", ನನಗೆ ತುಂಬ ಇಷ್ಟದ್ದು. ಕುಂಚವನ್ನು ನೆಟ್ಟಗೆ ಹಿಡಿದು, ನಿಲ್ಲಿಸುವುದು, ಕೊಕ್ಕೆ ಎತ್ತುವುದು, ಎಳೆದು ಬಿಡುವುದು ಅಂತ ಮೂರು ಬಗೆಯಲ್ಲಿ ಗೆರೆ ಮುಗಿಸಲು ಕಲಿಸುತ್ತಾರೆ. ಕಲಿತ ಮೇಲೆ ಅದೇ ಕುಂಚದಲ್ಲಿ ಕನ್ನಡ ಬರೆದು ತೋರಿಸಿ. ನಮ್ಮ ಅಕ್ಷರ ಎಲ್ಲ ಉರುಟು, ಕುಂಚಕ್ಕೆ ನಿಲ್ಲಲು ಜಾಗವೇ ಸಿಗುವುದಿಲ್ಲ, ಶಾಯಿ ಒಂದೇ ಕಡೆ ಹರಡಿಬಿಡುತ್ತದೆ. "ಈ" ಬರೆಯುವಾಗ ಎಲ್ಲಿ ಶುರು ಮಾಡುತ್ತೀರಿ, ಎಲ್ಲಿ ಉಸಿರು ಬಿಡುತ್ತೀರಿ ಅಂತ ಅವರು ಕೇಳುತ್ತಾರೆ. ನಾವು ಯಾವತ್ತೂ ಯೋಚಿಸದ ಪ್ರಶ್ನೆ. ಹತ್ತು ಜನ ಕೂತು ಒಂದು "ಈ" ಮೇಲೆ ಒಂದು ಗಂಟೆ ಕಳೆಯಬಹುದು.

ತಾಳಮದ್ದಳೆ ಗೊತ್ತಿರುವವರು ರಾಕುಗೊ ಕ್ಲಬ್ ಹುಡುಕಿ. ಹಳೆಯ ವಿಶ್ವವಿದ್ಯಾಲಯಗಳಲ್ಲಿ "ಓಚಿಕೆನ್" ಅಂತ ಇರುತ್ತದೆ. ಒಬ್ಬರೇ ದಿಂಬಿನ ಮೇಲೆ ಕೂತು, ಒಂದು ಬೀಸಣಿಗೆ, ಒಂದು ಕರವಸ್ತ್ರ ಇಟ್ಟುಕೊಂಡು, ಎಲ್ಲ ಪಾತ್ರಗಳನ್ನೂ ಮಾತಿನಲ್ಲೇ ತರುತ್ತಾರೆ. ಮುಖ ಆಚೆ ತಿರುಗಿದರೆ ಯಜಮಾನ, ಈಚೆ ತಿರುಗಿದರೆ ಆಳು. ವೇಷ ಇಲ್ಲದೆ ಕೂತು ಮಾತಾಡಿ ಪಾತ್ರ ಕಟ್ಟುವ ವಿದ್ಯೆ ನಮ್ಮಲ್ಲೂ ಇದೆ ಅಂತ ಗೊತ್ತಾದರೆ ಅವರಿಗೆ ಬಹಳ ಖುಷಿ. ವ್ಯತ್ಯಾಸವನ್ನೂ ಹೇಳಿ: ಅವರದ್ದು ಕಥೆಯನ್ನು ಮೊದಲೇ ಕಲಿತು ಒಬ್ಬರೇ ಹೇಳುವುದು, ನಮ್ಮದು ಭಾಗವತರ ಪದ್ಯ ಮುಗಿದ ಮೇಲೆ ಇಬ್ಬರು ಅರ್ಥಧಾರಿಗಳು ಅಲ್ಲಿಯೇ ಮಾತು ಹೊಸೆದು ವಾದ ಮಾಡುವುದು.

ಮುಖವಾಡ ಹಾಕಿ ಆಡುವ ಹಳೆಯ ನೋ ನಾಟಕದ ಕ್ಲಬ್ ಇದ್ದರೆ ಇನ್ನೊಂದು ಎಳೆ ಸಿಗುತ್ತದೆ. 2001ರಲ್ಲಿ ಯುನೆಸ್ಕೊ ಮೊದಲ ಸಲ ಬಾಯಿಮಾತಿನ ಮತ್ತು ಅಮೂರ್ತ ಪರಂಪರೆಯ ಮೇರುಕೃತಿಗಳನ್ನು ಘೋಷಿಸಿದಾಗ ನೋ ಸೇರಿದ ಜಪಾನಿನ ನೋಗಾಕು ರಂಗಕಲೆ, ನಮ್ಮ ಕೇರಳದ ಸಂಸ್ಕೃತ ನಾಟಕ ಕೂಡಿಯಾಟ್ಟಂ ಎರಡೂ ಅದರಲ್ಲಿದ್ದವು. ಒಸಾಕಾ ಕಡೆ ಇದ್ದರೆ ಬುನ್ರಾಕು ಗೊಂಬೆಯಾಟ ನೋಡಿ, ಅಲ್ಲಿ 1984ರಿಂದ ರಾಷ್ಟ್ರೀಯ ಬುನ್ರಾಕು ರಂಗಮಂದಿರ ಇದೆ. ಒಂದು ಮುಖ್ಯ ಗೊಂಬೆಯನ್ನು ಮೂವರು ಸೇರಿ ಕುಣಿಸುತ್ತಾರೆ, ಪಕ್ಕದಲ್ಲಿ ಕೂತ ಒಬ್ಬರು ಕಥೆಯನ್ನೂ ಮಾತನ್ನೂ ಹೇಳುತ್ತಾರೆ, ಶಮಿಸೆನ್ ಅನ್ನುವ ಮೂರು ತಂತಿಯ ವಾದ್ಯ ಜೊತೆಗೂಡುತ್ತದೆ. ಕಾಸರಗೋಡಿನ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ಅದನ್ನು ನೋಡುವ ಕಣ್ಣು ಮೊದಲೇ ಇದೆ. ನೋಡಿ ಬಂದ ಮೇಲೆ ಸೂತ್ರದ ಗೊಂಬೆಯ ವಿಡಿಯೊ ಸ್ನೇಹಿತರಿಗೆ ತೋರಿಸಿ.

ನಮ್ಮದನ್ನು ತೋರಿಸುವುದು

ಯಕ್ಷಗಾನ ಮಾಡಬೇಕು ಅಂತ ಎಲ್ಲರಿಗೂ ಆಸೆ. ಮಾಡಿ, ಆದರೆ ಪೂರ್ತಿ ವೇಷ, ಪೂರ್ತಿ ಪ್ರಸಂಗ ಅಂತ ಹೊರಟರೆ ತಲೆನೋವು. ವೇಷಭೂಷಣದ ತೂಕ, ವಿಮಾನದ ಲಗೇಜು, ಬಣ್ಣಕ್ಕೆ ಬೇಕಾಗುವ ಗಂಟೆಗಟ್ಟಲೆ ಹೊತ್ತು, ಚೆಂಡೆಯ ಸದ್ದಿಗೆ ಹಾಸ್ಟೆಲಿನಲ್ಲಿ ದೂರು. ಬಣ್ಣ ಹಚ್ಚುವುದನ್ನೇ ಕಾರ್ಯಕ್ರಮ ಮಾಡಿ. ಒಬ್ಬರು ಕೂತು ಮುಖವರ್ಣಿಕೆ ಮಾಡಿಕೊಳ್ಳುತ್ತಿರುವಾಗ ಇನ್ನೊಬ್ಬರು ಇದು ರಾಜವೇಷ, ಇದು ಬಣ್ಣದ ವೇಷ ಅಂತ ಹೇಳುತ್ತಾ ಹೋಗುವುದು. ಅವರ ಕಬುಕಿ ನಾಟಕದ ಮುಖಬಣ್ಣದ ಕೆಂಪು, ನೀಲಿ ಗೆರೆಗಳ ಅರ್ಥ ಅವರಿಗೆ ಗೊತ್ತಿರುವುದರಿಂದ ತಕ್ಷಣ ಹೋಲಿಸಿ ನೋಡುತ್ತಾರೆ. ಆಮೇಲೆ ಐದೇ ನಿಮಿಷ ಒಂದು ಪ್ರವೇಶದ ಕುಣಿತ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಂದ ಒಂದು ಪದ್ಯ ಆರಿಸಿ, ಅದರ ಸಾರವನ್ನು ಜಪಾನಿಯಲ್ಲಿ ನಾಲ್ಕು ಸಾಲು ಬರೆಸಿ ಮೊದಲೇ ಹಂಚಿ. ಆ ನಾಲ್ಕು ಸಾಲನ್ನು ಟ್ಯೂಟರ್ ಹತ್ತಿರ ತಿದ್ದಿಸಿ.

ಭೂತಕೋಲ, ತೆಯ್ಯಂ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಅದನ್ನು ವೇದಿಕೆಯ ಮೇಲೆ ವೇಷ ಹಾಕಿ ಕುಣಿಯಬೇಡಿ. ಅದು ನಮ್ಮ ಮನೆಯ ಹಿರಿಯರು ಕೈ ಮುಗಿದು ನಿಲ್ಲುವ ಜಾಗ, ಅದನ್ನು ಕಟ್ಟುವ ಹಕ್ಕು ಕೆಲವು ಸಮುದಾಯದವರದ್ದು. ಫೋಟೊ, ವಿಡಿಯೊ ಇಟ್ಟುಕೊಂಡು ಮಾತಾಡಿ, ಯಾಕೆ ಕುಣಿದು ತೋರಿಸುವುದಿಲ್ಲ ಅಂತಲೂ ಹೇಳಿ. ತಮ್ಮ ಊರಿನ ದೇವಸ್ಥಾನದಲ್ಲಿ ದೇವರಿಗೆ ಅರ್ಪಿಸುವ ಕುಣಿತ, ಕಗುರಾ, ನೋಡಿ ಬೆಳೆದವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಸುತ್ತಮುತ್ತಲಿನ ಪ್ರಾಥಮಿಕ ಶಾಲೆಗಳಿಗೆ ವಿದೇಶಿ ವಿದ್ಯಾರ್ಥಿಗಳನ್ನು ಕಳಿಸುವ ಕ್ರಮ ಅನೇಕ ಕಡೆ ಇದೆ. ಯಾರಾದರೂ ಕರೆದರೆ ಖಂಡಿತ ಹೋಗಿ, ಉಳಿದೆಲ್ಲಕ್ಕಿಂತ ಇದರಲ್ಲಿ ಸಿಗುವುದು ಜಾಸ್ತಿ. ಪ್ರಾಥಮಿಕ ಶಾಲೆಯ ಒಂದು ಪೀರಿಯಡ್ 45 ನಿಮಿಷ. ಸ್ಲೈಡು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಉಳಿದ ಹೊತ್ತಿಗೆ ಮಕ್ಕಳ ಹೆಸರನ್ನು ಕನ್ನಡದಲ್ಲಿ ಬರೆಸಿ. ನಾನು ಮೊದಲು ಹೇಳಿದ ಅಕ್ಷರಮಾಲೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೋರ್ಡಿನ ಮೇಲೆ ಅವರ ಐದು ಸ್ವರ, ಅದರ ಕೆಳಗೆ ನಮ್ಮ ಐದು ಸ್ವರ ಬರೆಯಿರಿ. ಆಮೇಲೆ ಅವರ ಕ ಸಾಲು, ನಮ್ಮ ಕ ಸಾಲು. ಕ್ರಮ ಒಂದೇ ಅಂತ ಮಕ್ಕಳು ತಾವೇ ಕಂಡುಹಿಡಿದು ಕೂಗುತ್ತಾರೆ. "ಸಾಕುರಾ" ಅಂತ ಹೆಸರಿದ್ದ ಹುಡುಗಿ ಮೂರೇ ಅಕ್ಷರದಲ್ಲಿ ತನ್ನ ಹೆಸರು ಬರೆದುಕೊಳ್ಳುತ್ತಾಳೆ. ಒಂದು ಎಚ್ಚರಿಕೆ ಬೇಕು: "ಯುಕಿ", "ಯೂಕಿ" ಎರಡೂ ಬೇರೆ ಬೇರೆ ಹೆಸರು. ಹ್ರಸ್ವ, ದೀರ್ಘ ಕೇಳಿ ಬರೆಯಿರಿ, ನಮ್ಮ ಲಿಪಿಯಲ್ಲಿ ಅದು ಸರಿಯಾಗಿ ಬರುತ್ತದೆ. ಪಾಠದ ನಂತರ ಮಕ್ಕಳ ಜೊತೆ ಶಾಲೆಯ ಊಟಕ್ಕೂ ಕೂರಿಸಬಹುದು, ನೀವು ಏನು ತಿನ್ನುವುದಿಲ್ಲ ಅಂತ ವಾರ ಮೊದಲೇ ಹೇಳಿಡಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆ ಶಾಲೆಯನ್ನು ನಿಮ್ಮೂರಿನ ಕನ್ನಡ ಮಾಧ್ಯಮ ಶಾಲೆಯ ಜೊತೆ ವಿಡಿಯೊ ಕರೆಯಲ್ಲಿ ಸೇರಿಸಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ ಎರಡು ಗಂಟೆ ಅಂದರೆ ಇಲ್ಲಿ ಬೆಳಿಗ್ಗೆ ಹತ್ತೂವರೆ, ಎರಡೂ ಕಡೆ ಶಾಲೆ ಇರುವ ಹೊತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಯಾವಾಗ ಹೋಗುತ್ತದೆ ಹೇಳಲಾಗುವುದಿಲ್ಲ, ಹಾಗಾಗಿ ನವೆಂಬರಿನಿಂದ ಫೆಬ್ರವರಿ ಒಳಗೆ ಇಟ್ಟುಕೊಳ್ಳಿ. ಇಲ್ಲಿಯ ಮಕ್ಕಳು ಅವರಿಗೆ ಬರೀ ಹಾಡು ಹೇಳುವುದು ಬೇಡ. ಪ್ರಶ್ನೆ ಕೇಳಲಿ. ತರಗತಿಯನ್ನು ನೀವೇ ಗುಡಿಸುತ್ತೀರಾ, ಊಟ ನೀವೇ ಬಡಿಸುತ್ತೀರಾ, ಭೂಕಂಪ ಬಂದರೆ ಏನು ಮಾಡುತ್ತೀರಿ ಅಂತೆಲ್ಲ.

ಅಡುಗೆ, ಮಳಿಗೆ

ಸ್ನೇಹಿತರನ್ನು ಕರೆದು ಅಡುಗೆ ಮಾಡುವುದಕ್ಕೆ ನೀರುದೋಸೆ ಮೊದಲು ನೆನಪಾಗುತ್ತದೆ. ಅಲ್ಲಿನ ಗುಂಡು ಅಕ್ಕಿ ಅಂಟು ಜಾಸ್ತಿ, ಅದರಲ್ಲಿ ದೋಸೆ ಕಾವಲಿಯಿಂದ ಏಳುವುದಿಲ್ಲ. ಭಾರತದ ಅಂಗಡಿಯಿಂದ ಉದ್ದ ಅಕ್ಕಿ ತನ್ನಿ. ಟೋಕಿಯೊದಲ್ಲಿದ್ದರೆ ನಿಶಿಕಸಾಯಿ, ಶಿನ್ ಒಕುಬೊ ಕಡೆ ಸುಲಭವಾಗಿ ಸಿಗುತ್ತದೆ. ತೆಂಗಿನೆಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗಿ ಬಾಟಲಿಯಿಂದ ಇಳಿಯುವುದೇ ಇಲ್ಲ, ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿಡಿ.

ನನ್ನ ಸಲಹೆ ಕೇಳಿದರೆ ಬಾಳೆಹಣ್ಣಿನ ಗುಳಿಯಪ್ಪ ಮಾಡಿ. ತಾಕೊಯಾಕಿ (ಒಳಗೆ ಆಕ್ಟೋಪಸ್ ತುಂಡು ಇಟ್ಟ ಹಿಟ್ಟಿನ ಉಂಡೆ) ಸುಡುವ ಗುಳಿಗಳಿರುವ ಕಾವಲಿ ಅಲ್ಲಿ ಎಷ್ಟೋ ಮನೆಗಳಲ್ಲಿ ಇದೆ, ಒಸಾಕಾ ಕಡೆ ಕೇಳುವುದೇ ಬೇಡ. ಅದು ನಮ್ಮ ಅಪ್ಪದ ಕಾವಲಿಯೇ. ಬೆಲ್ಲದ ಬದಲು ಒಕಿನಾವಾದ ಕೊಕುತೊ ಅನ್ನುವ ಕರಿ ಸಕ್ಕರೆ ಕರಗಿಸಿ, ಕಿವುಚಿದ ಬಾಳೆಹಣ್ಣು, ಗೋಧಿ ಹಿಟ್ಟು, ಸ್ವಲ್ಪ ಅಕ್ಕಿಹಿಟ್ಟು, ಏಲಕ್ಕಿ, ತೆಂಗಿನತುರಿ ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಅಕ್ಕಿಹಿಟ್ಟು ಕೊಳ್ಳುವಾಗ "ಜೋಶಿನ್‌ಕೊ" ಅಂತ ಕೇಳಿ, ಅದು ಮಾಮೂಲು ಅಕ್ಕಿಯದ್ದು. ಹುಳಿ ಬರಿಸುವ ಕೆಲಸ ಇಲ್ಲ, ಚಳಿಯಲ್ಲೂ ಆಗುತ್ತದೆ. ಗುಳಿಗೆ ಮುಕ್ಕಾಲು ಹಿಟ್ಟು ಹಾಕಿ, ಅಡಿ ಹಿಡಿದ ಮೇಲೆ ಕಡ್ಡಿಯಿಂದ ತಿರುಗಿಸುವುದು. ಆ ತಿರುಗಿಸುವ ಕೈಚಳಕದಲ್ಲಿ ಜಪಾನಿ ಗೆಳೆಯರು ನಮಗಿಂತ ಚುರುಕು. ಕಡ್ಡಿಯನ್ನು ಅವರ ಕೈಗೆ ಕೊಡಿ, ಅವರು ತಿರುಗಿಸಲಿ, ನೀವು ಹಿಟ್ಟು ಹೊಯ್ಯಿರಿ. ಅತಿಥಿಗಳು ಸುಮ್ನೆ ಕೂತು ತಿನ್ನುವ ಊಟಕ್ಕಿಂತ ಇಂಥದ್ದರಲ್ಲಿ ಮಾತು ತಾನಾಗಿ ಬರುತ್ತದೆ. ಯಾರಿಗೆ ಏನು ಅಲರ್ಜಿ ಅಂತ ಮೊದಲೇ ಕೇಳಿ, ಗೇರುಬೀಜ ಹಾಕುವುದಾದರೆ ಖಂಡಿತ ಕೇಳಿ.

ಸಸ್ಯಾಹಾರಿಗಳು ಹೊರಗೆ ತಿನ್ನುವಾಗ "ಮಾಂಸ ಬೇಡ" ಅಂದರೆ ಸಾಲದು. ಮಿಸೊ ಸಾರು, ನೂಡಲ್ಸ್ ರಸ, ಸೊಪ್ಪಿನ ಪಲ್ಯದಲ್ಲೂ ಒಣ ಮೀನಿನ "ದಾಶಿ" ಇರುತ್ತದೆ. ಮೀನು, ಮೀನಿನ ದಾಶಿ ಎರಡೂ ಬೇಡ ಅಂತ ಜಪಾನಿಯಲ್ಲಿ ಒಂದು ಚೀಟಿ ಬರೆಸಿ ಕಿಸೆಯಲ್ಲಿಟ್ಟುಕೊಳ್ಳಿ. ಬೌದ್ಧ ಮಠಗಳ "ಶೋಜಿನ್ ರ್ಯೋರಿ" ನಿಮ್ಮ ಊಟ, ಅದಕ್ಕೆ ಮೀನು, ಮಾಂಸ, ಬೆಳ್ಳುಳ್ಳಿ, ಈರುಳ್ಳಿ ಯಾವುದೂ ಸೇರುವುದಿಲ್ಲ. ಕ್ಲಬ್ಬಿನ ಪಾರ್ಟಿಗಳಲ್ಲಿ ಮದ್ಯ ಇರುತ್ತದೆ. ಅಲ್ಲಿ 2022ರಿಂದ ಪ್ರೌಢ ವಯಸ್ಸು 18 ಆದರೂ ಕುಡಿಯಲು 20 ಆಗಿರಬೇಕು. ಕುಡಿಯದವರು ಊಲಾಂಗ್ ಟೀ ಹಿಡಿದು ಕೂತರೆ ಸಾಕು.

ವಿಶ್ವವಿದ್ಯಾಲಯದ ಹಬ್ಬ ಹೆಚ್ಚಿನ ಕಡೆ ಅಕ್ಟೋಬರ್, ನವೆಂಬರಿನಲ್ಲಿ. ಅಲ್ಲಿ ತಿಂಡಿ ಮಳಿಗೆ ಹಾಕಬೇಕಾದರೆ ಬೇಸಿಗೆಯಲ್ಲೇ ಅರ್ಜಿ ಹಾಕಬೇಕು. ಆರೋಗ್ಯ ಇಲಾಖೆಯ ನಿಯಮ ಬಿಗಿ. ಮನೆಯಲ್ಲಿ ಮಾಡಿ ತಂದದ್ದನ್ನು ಮಾರುವಂತಿಲ್ಲ, ಹಸಿಯಾಗಿ ಬಡಿಸುವಂತಿಲ್ಲ, ಗಿರಾಕಿಯ ಎದುರೇ ಬಿಸಿ ಮಾಡಿ ಕೊಡಬೇಕು, ಆಹಾರ ಮುಟ್ಟುವವರ ಮಲಪರೀಕ್ಷೆಯನ್ನೂ ಹಲವು ಕಡೆ ಕೇಳುತ್ತಾರೆ. ಹಾಗಾಗಿ ಕಾಯಿಚಟ್ನಿ, ಮಜ್ಜಿಗೆ, ತಂಬುಳಿ ಇವನ್ನು ಬಿಟ್ಟುಬಿಡಿ. ಅಲ್ಲಿಯೇ ಕರಿದು ಕೊಡುವ ಗೋಳಿಬಜೆ ಸರಿಹೋಗುತ್ತದೆ. ಎಣ್ಣೆ, ಗ್ಯಾಸ್ ಇದ್ದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಬೇಕು.

ಕ್ಯಾಂಪಸ್ಸಿನ ಹೊರಗೆ

ಆಗಸ್ಟ್ ನಡುವಿನ ಬೋನ್ ಹಬ್ಬಕ್ಕೆ ತೀರಿಹೋದ ಹಿರಿಯರು ಮನೆಗೆ ಬರುತ್ತಾರೆ ಅಂತ ನಂಬಿಕೆ. ಸಂಜೆ ಎತ್ತರದ ಕಟ್ಟೆಯ ಸುತ್ತ ಎಲ್ಲರೂ ವೃತ್ತದಲ್ಲಿ ಕುಣಿಯುತ್ತಾರೆ. ಹೆಜ್ಜೆ ಸುಲಭ, ಮುಂದಿನವರನ್ನು ನೋಡಿ ಕುಣಿದರಾಯಿತು, ಯಾರು ಬೇಕಾದರೂ ಸೇರಬಹುದು. ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳಿನಲ್ಲಿ ಹಿರಿಯರಿಗೆ ಬಡಿಸುವುದು, ಮಲಯಾಳದವರು ಕರ್ಕಾಟಕ ವಾವಿಗೆ, ಅಂದರೆ ಆ ತಿಂಗಳ ಅಮಾವಾಸ್ಯೆಗೆ, ಹಿರಿಯರಿಗೆ ಬಲಿ ಇಡುವುದು ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಇದನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೇಳಿ ನೋಡಿ. ಅವರು ತಮ್ಮ ಗಂಡನಿಗೆ ಏನು ಬಡಿಸುತ್ತಾರೆ ಅಂತ ಹೇಳಲು ಶುರು ಮಾಡುತ್ತಾರೆ.

ಊರಿನ ದೇವಸ್ಥಾನದ ಪಲ್ಲಕ್ಕಿ, ಮಿಕೊಶಿ, ಹೊರಲು ಈಗ ಹಲವು ಕಡೆ ಯುವಕರು ಸಾಲುವುದಿಲ್ಲ, ವಿದ್ಯಾರ್ಥಿಗಳನ್ನು ಕರೆಯುತ್ತಾರೆ. ಅವರು ಕೊಡುವ ಹಪ್ಪಿ ಅಂಗಿ ಹಾಕಿ, ಕೈ ಬಾಯಿ ತೊಳೆದು, ಹೇಳಿದ ಕಡೆ ಹೆಗಲು ಕೊಡಿ. ಮರುದಿನ ಭುಜ ನೋಯುತ್ತದೆ. ಬೀದಿ ಸ್ವಚ್ಛ ಮಾಡುವ ದಿನವೂ ಹೋಗಿ, ನೆರೆಹೊರೆಯವರಿಗೆ ಮುಖ ಪರಿಚಯ ಆಗುವುದು ಅಲ್ಲೇ.

ಮನೆಗೆ ಕರೆದರೆ ಹೇಳಿದ ಹೊತ್ತಿಗೇ ಹೋಗಿ. ಚಪ್ಪಲಿ ಕಳಚಿ ತುದಿ ಬಾಗಿಲಿನ ಕಡೆ ತಿರುಗಿಸಿಡಿ, ತತಾಮಿ ಚಾಪೆಯ ಮೇಲೆ ಮನೆಯ ಸ್ಲಿಪ್ಪರ್ ಕೂಡ ಬೇಡ, ಶೌಚಾಲಯದ ಸ್ಲಿಪ್ಪರ್ ಅಲ್ಲಿಯೇ ಬಿಟ್ಟು ಬನ್ನಿ. ಬರಿಗೈಯಲ್ಲಿ ಹೋಗುವ ಕ್ರಮ ಅಲ್ಲೂ ಇಲ್ಲ. ಹುರಿದ ಗೇರುಬೀಜದ ಸಣ್ಣ ಪ್ಯಾಕೆಟ್ ಸಾಕು. ದುಬಾರಿ ಉಡುಗೊರೆ ಕೊಟ್ಟರೆ ಅವರಿಗೆ ತಿರುಗಿ ಕೊಡುವ ಭಾರ ಆಗುತ್ತದೆ.

ಕೊನೆಗೆ ಕೆಲವು ವ್ಯವಹಾರದ ವಿಷಯ

ಬರುತ್ತೇನೋ ಇಲ್ಲವೋ ಅಂತ ಕೇಳಿದ ದಿನಾಂಕದ ಒಳಗೆ ಉತ್ತರಿಸಿ. "ನೋಡೋಣ, ಆದರೆ ಬರ್ತೇನೆ" ಅನ್ನುವುದು ನಮ್ಮಲ್ಲಿ ನಡೆಯುತ್ತದೆ, ಅಲ್ಲಿ ತಲೆ ಎಣಿಸಿ ಊಟ, ಕುರ್ಚಿ, ಬಸ್ಸಿನ ಸೀಟು ಹೇಳಿರುತ್ತಾರೆ. ಬರಲಾಗದಿದ್ದರೆ ಗೊತ್ತಾದ ಕೂಡಲೇ ತಿಳಿಸಿ. ಮಾತುಕತೆ ಎಲ್ಲ ಲೈನ್ ಆ್ಯಪಿನ ಗುಂಪಿನಲ್ಲೇ ನಡೆಯುವುದರಿಂದ ಅದನ್ನು ಮೊದಲ ವಾರವೇ ಹಾಕಿಕೊಳ್ಳಿ. ಮಕ್ಕಳ ಮುಖ ಕಾಣುವ ಫೋಟೊವನ್ನು ಶಾಲೆಯವರು ಒಪ್ಪದೆ ಎಲ್ಲೂ ಹಾಕಬೇಡಿ, ಮನೆಯ ವಾಟ್ಸಾಪ್ ಗುಂಪಿಗೂ ಬೇಡ.

ಯಾರಾದರೂ ಕಾರ್ಯಕ್ರಮಕ್ಕೆ ದುಡ್ಡು ಕೊಡುತ್ತೇನೆ ಅಂದರೆ ಮೊದಲು ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ. ವಿದ್ಯಾರ್ಥಿ ವೀಸಾದಲ್ಲಿ ಸಂಪಾದಿಸಲು ಬೇರೆ ಅನುಮತಿ ಬೇಕು, ಅದು ಇದ್ದರೂ ವಾರಕ್ಕೆ 28 ಗಂಟೆಯ ಮಿತಿ ಇದೆ.

ಮುಗಿಸಿ ಬರುವಾಗ ನೀವು ಮಾಡಿದ ಸ್ಲೈಡು, ಜಪಾನಿಯಲ್ಲಿ ಬರೆಸಿದ ಸಾರಾಂಶ, ಶಾಲೆಯ ಪಾಠದ ಟಿಪ್ಪಣಿ, ಮಳಿಗೆಯ ಅರ್ಜಿಯ ಪ್ರತಿ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ, ಮುಂದಿನ ವರ್ಷ ನಮ್ಮ ಕಡೆಯಿಂದ ಹೋಗುವ ಹುಡುಗ, ಹುಡುಗಿಯರಿಗೆ ಕೊಡಿ. ಯಾವ ಸೆಂಪೈಯನ್ನು ಯಾವುದಕ್ಕೆ ಕೇಳಬೇಕು ಅಂತಲೂ ಬರೆದಿಡಿ, ಆದರೆ ಆ ಸೆಂಪೈಯ ಒಪ್ಪಿಗೆ ಕೇಳಿಯೇ ಹೆಸರು ಸೇರಿಸಿ.